ಮರದ ಸ್ಟಾಕ್ ರೈಫಲ್ ಇದ್ದಕ್ಕಿದ್ದಂತೆ ಗುರಿ ತಪ್ಪುತ್ತಿದೆ, ಎಲ್ಲಿಂದ ಶುರು ಮಾಡಲಿ?

ವಾಲ್ನಟ್‌ಪ್ರಿಯ:
ಬೋಲ್ಟ್ ಆ್ಯಕ್ಷನ್ ಬೇಟೆ ರೈಫಲ್, .30-06 ಕಾಡತೂಸಿನದು, ವಾಲ್ನಟ್ ಮರದ ಸ್ಟಾಕ್ (ಬ್ಯಾರೆಲ್ ಕೂರುವ, ಭುಜಕ್ಕೆ ಒರಗಿಸುವ ಮರದ ಭಾಗ), ತೆಳ್ಳನೆ ಬ್ಯಾರೆಲ್. ಬೇಸಿಗೆಯಲ್ಲಿ 100 ಮೀಟರ್ ದೂರಕ್ಕೆ ಐದು ಗುಂಡು 4 ಸೆಂ.ಮೀ. ಒಳಗೆ ಬೀಳುತ್ತಿದ್ದವು. ಮಳೆಗಾಲ ಪೂರ್ತಿ ಒಳಗೇ ಇತ್ತು, ಈಗ ತೆಗೆದರೆ ಮೊದಲ ಗುಂಡೇ ಸ್ವಲ್ಪ ಬಲಕ್ಕೆ ಬೀಳುತ್ತದೆ, ಆಮೇಲೆ ಒಂದೊಂದೇ ಗುಂಡು ಇನ್ನೂ ಬಲಕ್ಕೆ, ಮೇಲಕ್ಕೆ ಹೋಗುತ್ತಾ ಕೊನೆಗೆ 10 ಸೆಂ.ಮೀ. ದಾಟುತ್ತದೆ. ಬ್ಯಾರೆಲ್ ಕ್ಲೀನ್ ಮಾಡಿದ್ದೇನೆ, ತಾಮ್ರದ ಅಂಶವನ್ನೂ ತೆಗೆದಿದ್ದೇನೆ. ಕಾಡತೂಸು ಅದೇ ಬ್ರ್ಯಾಂಡ್, ಅದೇ ಲಾಟ್. ಸ್ಕೋಪ್ ಬದಲಿಸಿ ಅಂತ ಒಬ್ಬರು ಹೇಳಿದರು, ಬ್ಯಾರೆಲ್ ಕೂರುವ ತೋಡು ಅಂದರೆ ಚಾನಲ್‌ನಲ್ಲಿ ಮರ ಉಜ್ಜಿ ತೆಗೆಯಿರಿ ಅಂತ ಇನ್ನೊಬ್ಬರು. ಯಾವುದು ಮೊದಲು?

ಸ್ಕ್ರೂಡ್ರೈವರ್:
ಎರಡೂ ಅಲ್ಲ. ಮೊದಲು ಸ್ಕ್ರೂ ನೋಡಿ. ರೈಫಲ್ ಖಾಲಿ ಇದೆಯಾ ಅಂತ ಚೇಂಬರ್‌ಗೆ ಬೆರಳು ಹಾಕಿ ಖಚಿತ ಮಾಡಿಕೊಂಡು, ಬೋಲ್ಟ್ ಹೊರಗೆ ತೆಗೆದು ಕೆಲಸ ಶುರು ಮಾಡಿ. ಸ್ಕೋಪ್ ರಿಂಗ್, ಅದರ ಕೆಳಗಿನ ಬೇಸ್, ಎರಡನ್ನೂ ಪರೀಕ್ಷಿಸಬೇಕು. ಬೇಸ್ ಸ್ಕ್ರೂ ಸ್ಕೋಪ್ ಅಡಿಯಲ್ಲಿ ಇರುವುದರಿಂದ ತುಂಬಾ ಜನ ಅದನ್ನು ಮುಟ್ಟುವುದೇ ಇಲ್ಲ. ಆಮೇಲೆ ಸ್ಟಾಕ್‌ಗೆ ಆ್ಯಕ್ಷನ್ (ಬೋಲ್ಟ್ ಓಡುವ ಲೋಹದ ಭಾಗ) ಹಿಡಿದಿರುವ ಸ್ಕ್ರೂಗಳು. ಮರ ತೇವ ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಹಾಗಾಗಿ ಬೇಸಿಗೆಯಲ್ಲಿ ಸರಿಯಾಗಿ ಬಿಗಿದ ಸ್ಕ್ರೂ ಈಗಲೂ ಅಷ್ಟೇ ಬಿಗಿ ಇರುತ್ತದೆ ಅಂತ ಹೇಳಲಾಗದು. ಕೈ ಅಂದಾಜು ಬೇಡ, ಟಾರ್ಕ್ ಡ್ರೈವರ್ ಬಳಸಿ. ಒಳಗೆ ಸ್ಕ್ರೂ ಸುತ್ತ ಲೋಹದ ಕೊಳವೆ (ಪಿಲ್ಲರ್) ಇಲ್ಲದ ಮರಕ್ಕೆ ಸಾಮಾನ್ಯವಾಗಿ 4ರಿಂದ 5 ನ್ಯೂಟನ್ ಮೀಟರ್ ಸಾಕು, ಆದರೆ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಹಿಡಿಯಿರಿ. ಅದಕ್ಕಿಂತ ಜಾಸ್ತಿ ಬಿಗಿದರೆ ಮರದ ನಾರು ಜಜ್ಜಿಹೋಗುತ್ತದೆ, ಆಮೇಲೆ ಎಷ್ಟು ತಿರುಗಿಸಿದರೂ ಹಿಡಿತ ಬರುವುದಿಲ್ಲ. ಬಿಗಿದ ಮೇಲೆ ಬೋಲ್ಟ್ ಮೊದಲಿನಷ್ಟೇ ಸಲೀಸಾಗಿ ಓಡಬೇಕು. ಎಲ್ಲೋ ತಡೆದರೆ ಮುಂದಿನ ಸ್ಕ್ರೂನ ತುದಿ ಬೋಲ್ಟ್‌ನ ಉಬ್ಬಿಗೆ (ಲಗ್) ತಾಗುತ್ತಿದೆಯಾ ನೋಡಿ.

ತೇವದಮರ:
ಮೇಲಿನವರು ಹೇಳಿದ್ದು ಸರಿ, ಅದನ್ನು ಮುಗಿಸಿಯೇ ಮುಂದೆ ಹೋಗಿ. ಆದರೆ ನಿಮ್ಮ ವಿವರಣೆ ನೋಡಿದರೆ ನನಗೆ ಸ್ಟಾಕ್ ಮೇಲೇ ಅನುಮಾನ. ಗುಂಡುಗಳು ಎಲ್ಲೆಂದರಲ್ಲಿ ಚದುರಿದ್ದರೆ ಸ್ಕೋಪ್, ಕ್ರೌನ್ (ಬ್ಯಾರೆಲ್ ಬಾಯಿಯ ಅಂಚು), ಕಾಡತೂಸು ಅಂತ ಹುಡುಕಬೇಕಿತ್ತು. ನಿಮ್ಮದು ಒಂದೇ ದಿಕ್ಕಿಗೆ, ಬಿಸಿ ಏರಿದಂತೆಲ್ಲ ಸರಿಯುತ್ತಿದೆ. ತೆಳು ಬ್ಯಾರೆಲ್ ಬೇಗ ಕಾಯುತ್ತದೆ, ಕಾದಾಗ ಹಿಗ್ಗುತ್ತದೆ, ಪಕ್ಕದಲ್ಲೇ ಮರ ಒತ್ತುತ್ತಿದ್ದರೆ ಆ ಒತ್ತಡ ಗುಂಡಿನಿಂದ ಗುಂಡಿಗೆ ಬದಲಾಗುತ್ತದೆ.

ಖಚಿತ ಮಾಡಿಕೊಳ್ಳುವುದು ಸುಲಭ. ಪ್ರತಿ ಗುಂಡಿನ ನಂತರ ಬ್ಯಾರೆಲ್ ಪೂರ್ತಿ ತಣ್ಣಗಾಗಲು ಬಿಟ್ಟು ಐದು ಹೊಡೆಯಿರಿ. ಬಲಕ್ಕೆ ಬಿದ್ದರೂ ಒಂದೇ ಕಡೆ ಒತ್ತಾಗಿ ಬಿದ್ದರೆ ಬಿಸಿಯ ಆಟ ಅಂತಲೇ ತಿಳಿಯಿರಿ. ಆಮೇಲೆ ಗಟ್ಟಿ ಕಾಗದದ ಪಟ್ಟಿಯೊಂದನ್ನು ಬ್ಯಾರೆಲ್ ಕೆಳಗೆ ಸೇರಿಸಿ, ಸ್ಟಾಕ್‌ನ ಮುಂದಿನ ತುದಿಯಿಂದ ರಿಸೀವರ್ (ಬ್ಯಾರೆಲ್ ಹಿಂದಿನ ತುದಿ ಸೇರುವ ಲೋಹದ ಭಾಗ) ತನಕ ಎಳೆಯಿರಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಪೆನ್ಸಿಲ್‌ನಲ್ಲಿ ಗುರುತು ಮಾಡಿ. ರೈಫಲ್ ಅನ್ನು ನೀವು ಹೊಡೆಯುವ ರೀತಿಯಲ್ಲೇ ಚೀಲದ ಮೇಲೆ ಇಟ್ಟು ಇದನ್ನೇ ಮತ್ತೆ ಮಾಡಿ, ಯಾಕೆಂದರೆ ಭಾರ ಬಿದ್ದಾಗ ಮುಂದಿನ ಮರ ಮೇಲಕ್ಕೆ ಬಾಗುತ್ತದೆ.

ಇನ್ನೊಂದು ಪರೀಕ್ಷೆ. ಬ್ಯಾರೆಲ್ ಮತ್ತು ಮರ ಸೇರುವ ತುದಿಯಲ್ಲಿ ಎರಡಕ್ಕೂ ತಾಗುವಂತೆ ಬೆರಳಿಟ್ಟು, ಮುಂದಿನ ಆ್ಯಕ್ಷನ್ ಸ್ಕ್ರೂ ಸಡಿಲಿಸಿ, ಮತ್ತೆ ಬಿಗಿಯಿರಿ. ಬ್ಯಾರೆಲ್ ಜಾಗ ಬಿಟ್ಟು ಕದಲಿದ್ದು ಬೆರಳಿಗೆ ಗೊತ್ತಾದರೆ ಆ್ಯಕ್ಷನ್ ಸರಿಯಾಗಿ ಕೂತಿಲ್ಲ, ಸ್ಕ್ರೂ ಅದನ್ನು ಬಗ್ಗಿಸುತ್ತಿದೆ. ಅದು ಬೆಡ್ಡಿಂಗ್, ಅಂದರೆ ಆ್ಯಕ್ಷನ್ ಮರದಲ್ಲಿ ಕೂರುವ ರೀತಿಯ ಸಮಸ್ಯೆ, ಚಾನಲ್ ಉಜ್ಜಿದರೆ ಹೋಗುವುದಿಲ್ಲ.

ಹಳೇಬೋಲ್ಟ್:
ದಯವಿಟ್ಟು ಅವಸರದಲ್ಲಿ ಮರ ಉಜ್ಜಬೇಡಿ. ಕೆಲವು ರೈಫಲ್‌ಗಳಲ್ಲಿ ಸ್ಟಾಕ್‌ನ ಮುಂದಿನ ತುದಿಯಲ್ಲಿ ಬ್ಯಾರೆಲ್ ಅನ್ನು ಮೇಲಕ್ಕೆ ಒತ್ತುವ ಒಂದು ಉಬ್ಬನ್ನು ತಯಾರಿಸುವವರೇ ಬೇಕಂತ ಬಿಟ್ಟಿರುತ್ತಾರೆ. ತೆಳು ಬ್ಯಾರೆಲ್ ಕೆಲವೊಮ್ಮೆ ಆ ಒತ್ತಡ ಇದ್ದರೇ ಚೆನ್ನಾಗಿ ಹೊಡೆಯುತ್ತದೆ. ತೆಗೆದ ಮರ ವಾಪಸ್ ಬರುವುದಿಲ್ಲ ಅಲ್ವಾ? ಮೊದಲು ಸುಮ್ನೆ ಪರೀಕ್ಷೆಗೆ ಅಂತ ರಿಸೀವರ್ ಕೆಳಗೆ, ಸ್ಕ್ರೂಗಳ ಹತ್ತಿರ, ತೆಳು ಗಟ್ಟಿ ಕಾರ್ಡ್ ತುಂಡುಗಳನ್ನು ಇಟ್ಟು ಆ್ಯಕ್ಷನ್ ಅನ್ನು ಸ್ವಲ್ಪ ಎತ್ತಿ ಹೊಡೆದು ನೋಡಿ. ಬ್ಯಾರೆಲ್ ಎಲ್ಲೂ ತಾಗದ ಸ್ಥಿತಿಯಲ್ಲಿ ಗುಂಡು ಬಿದ್ದ ಗುರುತುಗಳ ಗುಂಪು ಚಿಕ್ಕದಾದರೆ ಆಮೇಲೆ ಉಜ್ಜಿ.

ವಾಲ್ನಟ್‌ಪ್ರಿಯ:
ಎಲ್ಲರಿಗೂ ಧನ್ಯವಾದ. ಸ್ಕೋಪ್ ಸ್ಕ್ರೂ ಎಲ್ಲ ಬಿಗಿ ಇದ್ದವು. ತಣ್ಣಗೆ ಮಾಡಿ ಹೊಡೆದಾಗ ಗುಂಪು ಹಿಂದಿನಷ್ಟೇ ಚಿಕ್ಕದಾಗಿತ್ತು, ಆದರೆ ಬಲಕ್ಕೆ. ಕಾಗದ ಮುಂದಿನ ತುದಿಯ ಹತ್ತಿರ, ಎಡಗಡೆ ಕೆಳಗೆ ಸಿಕ್ಕಿಕೊಳ್ಳುತ್ತದೆ. ಬೆರಳಿಗೆ ಏನೂ ಕದಲಿದ ಹಾಗೆ ಅನಿಸಲಿಲ್ಲ. ಕಾರ್ಡ್ ಇಟ್ಟಾಗ ಬಿಸಿಯಾದರೂ ಗುಂಡು ಸರಿಯಲಿಲ್ಲ. ಈಗ ಉಜ್ಜಬಹುದಾ?

ತೇವದಮರ:
ಎಡ ಕೆಳಗಿಂದ ಮರ ಒತ್ತಿದರೆ ಬ್ಯಾರೆಲ್ ಬಲ ಮೇಲಕ್ಕೇ ಹೋಗಬೇಕು. ನಿಮ್ಮ ಗುಂಡು ಹೋಗುತ್ತಿರುವುದೂ ಅಲ್ಲಿಗೇ. ಲೆಕ್ಕ ಕೂಡಿತು.

ಆದರೆ ಮೊದಲು ಸ್ಟಾಕ್ ಒಣಗಲಿ. ಬಿಸಿಲಿಗೆ ಇಡಬೇಡಿ, ಹೀಟರ್ ಹತ್ತಿರವಂತೂ ಬೇಡವೇ ಬೇಡ, ಬೇಗ ಒಣಗಿದರೆ ಸೀಳುತ್ತದೆ ಇಲ್ಲವೇ ಇನ್ನೊಂದು ಕಡೆಗೆ ಸೊಟ್ಟಗಾಗುತ್ತದೆ. ಆ್ಯಕ್ಷನ್ ತೆಗೆದು, ಒಣ ಕೋಣೆಯಲ್ಲಿ ಕೆಲವು ವಾರ ಹಾಗೇ ಬಿಡಿ. ಆಮೇಲೂ ತಾಗುತ್ತಿದ್ದರೆ, ದುಂಡನೆ ಕೋಲಿಗೆ ಮರಳು ಕಾಗದ ಸುತ್ತಿ ಗುರುತಿನ ಜಾಗದಲ್ಲಿ ಸ್ವಲ್ಪ ಸ್ವಲ್ಪವೇ ಉಜ್ಜಿ, ಪದೇ ಪದೇ ಜೋಡಿಸಿ ನೋಡಿ. ಕಾಗದ ಕಷ್ಟಪಟ್ಟು ಓಡುವಷ್ಟು ಸಂದು ಮರಕ್ಕೆ ಸಾಲದು, ಮುಂದಿನ ಮಳೆಗೆ ಮತ್ತೆ ಮುಚ್ಚಿಕೊಳ್ಳುತ್ತದೆ. ಸುತ್ತಲೂ ಒಂದು ಒಂದೂವರೆ ಮಿ.ಮೀ. ಇರಲಿ.

ಸ್ಕ್ರೂಡ್ರೈವರ್:
ಉಜ್ಜಿದ ಮೇಲೆ ಬರಿ ಮರವನ್ನು ಹಾಗೇ ಬಿಡಬೇಡಿ. ಹೊರಗೆ ಹೊಳಪು ಕೊಟ್ಟು ಒಳಗೆ ಏನೂ ಬಳಿಯದ ಸ್ಟಾಕ್‌ಗಳೇ ಜಾಸ್ತಿ, ತೇವ ಒಳಗೆ ಹೋಗುವುದು ಅಲ್ಲಿಂದಲೇ. ಚಾನಲ್, ಆ್ಯಕ್ಷನ್ ಕೂರುವ ಗುಂಡಿ, ಭುಜಕ್ಕೆ ತಾಗುವ ಪ್ಯಾಡ್ ಅಡಿಯ ಅಡ್ಡ ಕೊಯ್ದ ಮರ, ಮೂರಕ್ಕೂ ಪಾಲಿಯುರೆಥೇನ್ ತೆಳುವಾಗಿ ಕೆಲವು ಸಲ ಬಳಿಯಿರಿ. ಅಗಸೆ ಎಣ್ಣೆ ನೋಡಲು ಚೆಂದ, ತೇವ ತಡೆಯುವುದರಲ್ಲಿ ಅಷ್ಟು ಗಟ್ಟಿ ಅಲ್ಲ. ಎಪಾಕ್ಸಿ ಬೆಡ್ಡಿಂಗ್ (ಎಪಾಕ್ಸಿ ಅಂಟು ತುಂಬಿ ಆ್ಯಕ್ಷನ್ ಕೂರಿಸುವುದು) ಈಗ ಬೇಡ, ಬೆರಳ ಪರೀಕ್ಷೆಯಲ್ಲಿ ಏನೂ ಸಿಕ್ಕಿಲ್ಲವಲ್ಲ. ಬಳಿದದ್ದು ಪೂರ್ತಿ ಒಣಗಿದ ಮೇಲೆ ಜೋಡಿಸಿ, ಅದೇ ಟಾರ್ಕ್‌ಗೆ ಬಿಗಿದು, ಸ್ಕೋಪ್ ಅನ್ನು ಹೊಸದಾಗಿ ಜೀರೋ ಮಾಡಿ, ಅಂದರೆ ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಹೊಂದಿಸಿ. ಬೇಟೆ ರೈಫಲ್ ಆದ್ದರಿಂದ ತಣ್ಣನೆ ಬ್ಯಾರೆಲ್‌ನ ಮೊದಲ ಗುಂಡು ಎಲ್ಲಿ ಬೀಳುತ್ತದೆ ಅಂತ ಬೇರೆ ಬೇರೆ ದಿನ ನೋಡಿ, ಆ ಗುಂಡುಗಳಿಗೇ ಜೀರೋ ಹೊಂದಿಸಿ.