ಶ್ವಾಸಕೋಶ ಕಸಿ ಆದ ಮೇಲೆ ಕಾಲು ಯಾಕೆ ನಡುಗುತ್ತದೆ?

ಪ್ರಶ್ನೆ (ಕಲಬುರಗಿ): ನಮಸ್ಕಾರ ಮೇಡಂ. ನಮ್ಮ ಮನೆಯವರಿಗೆ 48 ವರ್ಷ. ಹೈದರಾಬಾದಿನಲ್ಲಿ ಎರಡೂ ಶ್ವಾಸಕೋಶ ಕಸಿ ಆಗಿ ಹತ್ತು ವಾರ ಆಯ್ತು. ಈಗ ಆಕ್ಸಿಜನ್ ಸಿಲಿಂಡರ್ ಬೇಕಿಲ್ಲ. ಬೆರಳಿಗೆ ಮೆಷಿನ್ ಹಾಕಿದರೆ ಆಕ್ಸಿಜನ್ ಮಟ್ಟ 97 ತೋರಿಸುತ್ತದೆ. ಆದರೂ ಮಾಳಿಗೆ ಹತ್ತುವಾಗ ಕಾಲು ನಡುಗಿ ಅರ್ಧ ಮೆಟ್ಟಿಲಲ್ಲೇ ಕೂತುಬಿಡುತ್ತಾರೆ. ಹೊಸ ಶ್ವಾಸಕೋಶ ಕೆಲಸ ಮಾಡ್ತಿಲ್ವಾ? ನಮ್ಮತ್ತೆ "ಇಷ್ಟು ದೊಡ್ಡ ಆಪರೇಷನ್ ಆಗಿದೆ, ಸುಮ್ನೆ ಮಲಗಲಿ" ಅಂತಾರೆ.

ಉತ್ತರ (ಫಿಸಿಯೋಥೆರಪಿಸ್ಟ್): ಅಕ್ಕಾ, 97 ಇದ್ದೂ ಕಾಲು ನಡುಗುತ್ತಿದೆ ಅಂದರೆ ಹೆಚ್ಚಾಗಿ ಸೋತಿರುವುದು ತೊಡೆ. ಕಸಿಗೆ ಮುಂಚೆ ಎಷ್ಟು ತಿಂಗಳು ಹಾಸಿಗೆಯಲ್ಲೇ ಇದ್ದರು, ನೆನಪಿಸಿಕೊಳ್ಳಿ. ಆಮೇಲೆ ಐಸಿಯು. ಈಗ ಸ್ಟೆರಾಯ್ಡ್ ಮಾತ್ರೆ ಸ್ನಾಯು ಕರಗಿಸುತ್ತದೆ, ಮೂಳೆಯನ್ನೂ ಸವೆಸುತ್ತದೆ. ದೇಹ ಹೊಸ ಅಂಗವನ್ನು ತಿರಸ್ಕರಿಸದಿರಲಿ ಅಂತ ಕೊಡುವ ಟ್ಯಾಕ್ರೋಲಿಮಸ್ ಮಾತ್ರೆ ಸ್ನಾಯುವಿನ ಶಕ್ತಿಗೂ ಅಡ್ಡ ಬರುತ್ತದೆ. ಹಾಗಂತ ಮಾತ್ರೆ ಮಾತ್ರ ಒಂದು ಹೊತ್ತೂ ತಪ್ಪಬಾರದು. ಅತ್ತೆಯವರ ಕಾಳಜಿ ನನಗೆ ಅರ್ಥ ಆಗುತ್ತದೆ, ಆದರೆ ಮಲಗಿದಷ್ಟೂ ತೊಡೆ ಇನ್ನೂ ಸೊರಗುತ್ತದೆ.

ನಿಮ್ಮ ಕಸಿ ತಂಡಕ್ಕೆ ಫೋನ್ ಮಾಡಿ, ಅವರು ಹೂಂ ಅಂದರೆ ಹೀಗೆ ಶುರು ಮಾಡಿ. ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಕೈ ಊರದೆ ಎದ್ದು ನಿಲ್ಲಲಿ, ಏಳುವಾಗ ಉಸಿರು ಬಿಡಲಿ, ನಿಧಾನ ಕೂರಲಿ. ಧೊಪ್ಪನೆ ಕೂರಬಾರದು, ನಿಧಾನ ಇಳಿಯುವಾಗಲೇ ತೊಡೆಗೆ ಕೆಲಸ ಜಾಸ್ತಿ. ಐದು ಸಲ, ಎರಡು ನಿಮಿಷ ವಿಶ್ರಾಂತಿ, ಮತ್ತೆ ಐದು. ನಡಿಗೆ ಐದೈದು ನಿಮಿಷ, ದಿನಕ್ಕೆ ಮೂರ್ನಾಲ್ಕು ಸಲ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಏದುಸಿರು ಸಾಕು. ನಮ್ಮ ಊರಿನ ಬಿಸಿಲಲ್ಲಿ ಬೇಡ. ಬೆಳಗ್ಗೆ ಬೇಗ ಮನೆಯ ಪಡಸಾಲೆಯಲ್ಲೇ ಆಗಲಿ. ಅಪ್ಪನ ಕೆರೆ ಗಾರ್ಡನ್ನು ಆಮೇಲೆ, ಜನ ಕಡಿಮೆ ಇರುವ ಹೊತ್ತು, ಮಾಸ್ಕ್ ಹಾಕಿಕೊಂಡು.

ಎದೆಯ ಗಾಯ, ಮೂಳೆ ಇನ್ನೂ ಕೂಡುತ್ತಿವೆ. ತಂಡ ಹೇಳುವವರೆಗೆ ತುಂಬಿದ ಕೊಡ ಎತ್ತಬಾರದು.

ಪ್ರಶ್ನೆ: ಕೆಲವು ಸಲ ಮೆಷಿನ್ 84 ತೋರಿಸುತ್ತದೆ, ಎದೆ ಧಸಕ್ ಅನ್ನುತ್ತದೆ.

ಉತ್ತರ: ಅವರ ಕೈ ನಡುಗುತ್ತದಾ? ಟ್ಯಾಕ್ರೋಲಿಮಸ್‌ನಿಂದ ಅದೂ ಆಗುತ್ತದೆ, ಆಗ ಮೆಷಿನ್ ತಪ್ಪು ತೋರಿಸಬಹುದು. ಕೈಯನ್ನು ಮೇಜಿನ ಮೇಲೆ ಇಟ್ಟು, ಬೆರಳು ತಣ್ಣಗಿದ್ದರೆ ಉಜ್ಜಿ, ಅರ್ಧ ನಿಮಿಷ ಕಾಯಿರಿ. ಆಗಲೂ 88ಕ್ಕಿಂತ ಕೆಳಗೆ ಇದ್ದರೆ ವ್ಯಾಯಾಮ ನಿಲ್ಲಿಸಿ, ತಂಡಕ್ಕೆ ತಿಳಿಸಿ. ಕೂತಾಗಲೂ ಏರದಿದ್ದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಊದಿ ಶ್ವಾಸಕೋಶದ ಶಕ್ತಿ ಅಳೆಯುವ ಸ್ಪೈರೋಮೀಟರ್ ಕೊಟ್ಟಿದ್ದಾರಲ್ಲ, ಅದರ ಅಂಕಿ ದಿನಾ ಬರೆಯಿರಿ. ಎಂದಿನದಕ್ಕಿಂತ 10 ಶೇಕಡಾ ಇಳಿದರೆ, ಇಲ್ಲವೇ ಜ್ವರ ಬಂದರೆ ಅವತ್ತೇ ಫೋನ್ ಮಾಡಿ. ಸೋಂಕು ಅಥವಾ ದೇಹ ಅಂಗವನ್ನು ತಿರಸ್ಕರಿಸುವುದು ಹೀಗೇ ಶುರುವಾಗುವುದುಂಟು.

ಪ್ರಶ್ನೆ (ಆಳಂದ): ಮೇಡಂ, ನಾನು ಅವರ ತಮ್ಮ. ತೊಗರಿ ರಾಶಿ ಹತ್ತಿರ ಬಂತು. ಅಣ್ಣ ಹೊಲಕ್ಕೆ ಬಂದು ಸುಮ್ನೆ ಕೂರಬಹುದಾ? ಮನಸ್ಸಿಗೂ ಹಗುರ ಅಲ್ವಾ?

ಉತ್ತರ: ರಾಶಿಗೆ ಖಂಡಿತ ಬೇಡ ತಮ್ಮಾ. ಹೊಟ್ಟಿನ ದೂಳಿನಲ್ಲಿ ಬೂಷ್ಟಿನ ಕಣ ಇರುತ್ತವೆ. ರೋಗ ತಡೆಯುವ ಶಕ್ತಿಯನ್ನು ಮಾತ್ರೆ ತಗ್ಗಿಸಿರುವಾಗ ಅವು ಶ್ವಾಸಕೋಶದಲ್ಲೇ ಬೇರೂರಬಹುದು. ಮಾಸ್ಕ್ ಒಂದನ್ನೇ ನಂಬಿ ಕರೆದುಕೊಂಡು ಹೋಗಬೇಡಿ. ರಾಶಿ ನಡೆಯುವಾಗ ವಿಡಿಯೋ ಕಾಲ್ ಮಾಡಿ ತೋರಿಸಿ. ನೀವು ಮನೆಗೆ ಬಂದಾಗ ಸ್ನಾನ ಮಾಡಿ, ಬಟ್ಟೆ ಬದಲಿಸಿ ಅವರ ಹತ್ತಿರ ಹೋಗಿ. ಕುರ್ಚಿಯಿಂದ ಏಳುವಾಗ ಎಣಿಸುವ ಕೆಲಸ ನಿಮ್ಮದಾಗಲಿ.

ಪ್ರಶ್ನೆ (ಕಲಬುರಗಿ): ಇವತ್ತು ನಾಲ್ಕು ಸಲ ಎದ್ದರು ಮೇಡಂ. ಅತ್ತೆಯೇ ಎಣಿಸಿದರು.

ಉತ್ತರ: ತುಂಬಾ ಖುಷಿ ಆಯ್ತು ಅಕ್ಕಾ. ನಾಳೆಯೂ ನಾಲ್ಕೇ ಇರಲಿ, ನಾಡಿದ್ದು ಐದು ನೋಡಿ.