14 ಜನರ ಶಾಪ್: ಮನೆಯವರ ನಂಬರ್, ರೂಲ್ಸ್ ಬೋರ್ಡ್ ನಿಮ್ಮಲ್ಲಿ ಹೇಗೆ?

ಪೀಣ್ಯ ಹೊಸಬ: ಸಣ್ಣ ಮಷಿನ್ ಶಾಪ್. 14 ಜನರಲ್ಲಿ ಎಂಟು ಜನ ಬಿಹಾರ, ಒಡಿಶಾದವರು. ತುರ್ತಿಗೆ ಮನೆಯವರ ನಂಬರ್ ಕೊಡಿ ಅಂದರೆ ಅರ್ಧ ಜನ ತಮ್ಮದೇ ಎರಡನೇ ಸಿಮ್ ನಂಬರ್ ಬರೆದಿದ್ದಾರೆ. ರೂಲ್ಸ್ ಬೋರ್ಡೂ ಹಾಕಬೇಕು. ಅನುಭವ ಇದ್ದವರು ಹೇಳಿ.

ಲೇತ್ ಗೌಡ: ನನ್ನ ಕಥೆ ಕೇಳಿ. 2019, ಸಂಜೆ 5:40. ಹುಡುಗ ಗ್ಲೌಸ್ ಹಾಕಿಕೊಂಡೇ ಡ್ರಿಲ್ ಮಷಿನ್ ಮುಂದೆ ನಿಂತಿದ್ದ. ಗ್ಲೌಸ್ ಸುತ್ತಿಕೊಂಡು ಎರಡು ಬೆರಳು ಹೋಯಿತು. ಆಸ್ಪತ್ರೆಯಲ್ಲಿ ಮೊದಲು 40,000 ಕಟ್ಟಿ ಅಂದರು, ಮನೆಯವರ ಸಹಿ ಬೇಕು ಅಂದರು. ಫಾರಂನಲ್ಲಿದ್ದದ್ದು ಭಾವನ ನಂಬರ್, ಸ್ವಿಚ್ ಆಫ್. ರಾತ್ರಿ 11ಕ್ಕೆ ಅವನ ರೂಮ್‌ಮೇಟ್ ಫೋನಿನಿಂದ ಅಣ್ಣ ಸಿಕ್ಕಿದ. ಒಟ್ಟು ಬಿಲ್ಲು 1,18,000. ಇಎಸ್‌ಐಗೆ (ಕೆಲಸಗಾರರ ಸರ್ಕಾರಿ ಆರೋಗ್ಯ ವಿಮೆ) ಹಾಕಿರಲಿಲ್ಲ, "ಎರಡು ತಿಂಗಳು ನಿಲ್ಲುತ್ತಾನಾ ನೋಡೋಣ" ಅಂತ ಬಿಟ್ಟಿದ್ದೆ. ಸಂಬಳದಲ್ಲಿ ಮಾಲೀಕರ ಪಾಲು 3.25%, ಅವನ ಪಾಲು 0.75%. ಅಷ್ಟು ಉಳಿಸಲು ಹೋಗಿ ಲಕ್ಷ ಕಳೆದುಕೊಂಡೆ. ಈಗ ಎರಡು ನಂಬರ್ ಬರೆಸುತ್ತೇನೆ, ಒಂದು ಬೆಂಗಳೂರಿನಲ್ಲೇ ಇರುವವರದ್ದು. ಅವನ ಎದುರೇ ಡಯಲ್ ಮಾಡುತ್ತೇನೆ. ರಿಂಗ್ ಆದರೆ ಮಾತ್ರ ಕೆಲಸ.

ಗಾರ್ಮೆಂಟ್ಸ್ ಅಕ್ಕ: ಡಯಲ್ ಮಾಡುವ ಮುಂಚೆ ಯಾರಿಗೆ ಮಾಡಬಾರದು ಅಂತ ಕೇಳಿ. ಕೆಲಸಕ್ಕೆ ಸೇರಿದಾಗ ಗಂಡನ ನಂಬರ್ ಕೊಟ್ಟಿದ್ದೆ. ಆಮೇಲೆ ಅವನನ್ನು ಬಿಟ್ಟು ಬಂದೆ. ನಂಬರ್ ಬದಲಿಸಿ ಅಂತ ಎರಡು ಸಲ ಚೀಟಿ ಬರೆದು ಕೊಟ್ಟೆ, ಫೈಲ್‌ಗೇ ಹೋಗಲಿಲ್ಲ. ಒಂದು ದಿನ ಲೈನ್‌ನಲ್ಲಿ ತಲೆ ಸುತ್ತಿ ಬಿದ್ದೆ. ಕಣ್ಣು ಬಿಟ್ಟರೆ ಅವನು ಗೇಟ್ ಹತ್ತಿರ, ಕೈಯಲ್ಲಿ ನನ್ನ ಹೊಸ ವಿಳಾಸ! ಮನೆ ಬದಲಿಸಿದೆ. ಹಳೆ ಮನೆ ಅಡ್ವಾನ್ಸ್ 30,000ದಲ್ಲಿ ಬಣ್ಣ, ನಲ್ಲಿ ಅಂತ 11,000 ಮುರಿದುಕೊಂಡರು. ಟೆಂಪೋಗೆ 2,200.

ಲೇತ್ ಗೌಡ: ಮೇಡಂ, ಮನೆ ಜಗಳಕ್ಕೆ ಮಾಲೀಕರು ಏನು ಮಾಡೋಕಾಗುತ್ತೆ?

ಗಾರ್ಮೆಂಟ್ಸ್ ಅಕ್ಕ: ಚೀಟಿ ಓದೋಕಾಗುತ್ತೆ.

ಪ್ರೆಸ್ ಮಾಲೀಕ: ರೂಲ್ಸ್ ಖಡಕ್ ಇದ್ದರೆ ಎಲ್ಲ ಸರಿ ಇರುತ್ತೆ. ನಮ್ಮಲ್ಲಿ ಫೋನ್ ಡಬ್ಬಿಯೊಳಗೆ, ಊಟಕ್ಕೇ ಕೈಗೆ. ಮೂರು ದಿನ 10 ನಿಮಿಷ ಲೇಟಾದರೆ ಅರ್ಧ ದಿನದ ಸಂಬಳ ಕಟ್. 16 ವರ್ಷದಿಂದ ಯಾರೂ ಚಕಾರ ಎತ್ತಿಲ್ಲ.

ಶಿಫ್ಟ್ ಸೀನ: ಎತ್ತಿದವನನ್ನು ಮಾರನೇ ದಿನ ಮನೆಗೆ ಕಳಿಸಿರುತ್ತೀರಿ ಬಿಡಿ. ಲೇಟಾದಷ್ಟು ಹೊತ್ತಿನ ಸಂಬಳ ಹಿಡಿಯಬಹುದು, ಅರ್ಧ ದಿನದ್ದಲ್ಲ. ದಂಡ ಅಂದರೂ ತಿಂಗಳ ಸಂಬಳದ 3% ದಾಟುವಂತಿಲ್ಲ, ಆ ದುಡ್ಡು ಕೆಲಸಗಾರರಿಗೇ ಖರ್ಚಾಗಬೇಕು. ಇನ್ನು ಡಬ್ಬಿ. ನಮ್ಮಮ್ಮ ಹೋದದ್ದು ಬೆಳಗ್ಗೆ 9:20ಕ್ಕೆ. ನಾನು ಫೋನ್ ನೋಡಿದ್ದು 1:05ಕ್ಕೆ. 14 ಮಿಸ್ಡ್ ಕಾಲ್. ಫೋನ್ ಕಿತ್ತುಕೊಂಡರೆ ಆಫೀಸಿನ ನಂಬರ್ ಮನೆಯವರಿಗೂ ಕೊಡಬೇಕು ಅಲ್ವಾ?

ಪ್ರೆಸ್ ಮಾಲೀಕ: ಅಮ್ಮನ ವಿಷಯ ಬೇಜಾರಾಯಿತು. ಆದರೆ ಕಟಿಂಗ್ ಮಷಿನ್ ಮುಂದೆ ರೀಲ್ಸ್ ನೋಡೋದನ್ನು ನೀವು ಕಂಡಿಲ್ಲ. ಲೇಟ್ ಬೇಡ ಅಂದರೆ ಮೆಟ್ರೋದಲ್ಲಿ ಬರಲಿ.

ಶಿಫ್ಟ್ ಸೀನ: 2025ರ ಫೆಬ್ರವರಿಯಲ್ಲಿ ಏರಿಸಿದ ಮೇಲೆ ಟಿಕೆಟ್ ಎಷ್ಟಾಗಿದೆ ಗೊತ್ತಾ? 60 ಇದ್ದದ್ದು 90. ನಿಮ್ಮ ಸಂಬಳಕ್ಕೆ ಮೆಟ್ರೋ ಬೇರೆ.

ಜಾಲಹಳ್ಳಿ ಕ್ರಾಸ್: 90 ಗರಿಷ್ಠ ದರ ಗುರು, ಸುಮ್ನೆ ಎಲ್ಲರಿಗೂ ಹೇಳಬೇಡಿ. ಮಾಲೀಕರೇ, ನೀವು ಒಂದು ದಿನ ಬೆಳಗ್ಗೆ 8:30ಕ್ಕೆ ಗೊರಗುಂಟೆಪಾಳ್ಯ ಸಿಗ್ನಲ್‌ನಲ್ಲಿ ಬಸ್ಸಲ್ಲಿ ನಿಂತು ನೋಡಿ.

ಪ್ರೆಸ್ ಮಾಲೀಕ: ನಾನು ಆರೂವರೆಗೇ ಶಟರ್ ಎತ್ತುತ್ತೇನೆ.

ಶಿಫ್ಟ್ ಸೀನ: ನಿಮ್ಮ ಮನೆ ಮಹಡಿ ಮೇಲೇ ಇರಬೇಕು.

ಪ್ರೆಸ್ ಮಾಲೀಕ: ಇದ್ದರೆ ಏನೀಗ?

ಗಾರ್ಮೆಂಟ್ಸ್ ಅಕ್ಕ: ಗೌಡರೇ, ನಂಬರ್ ವಿಷಯ ಇಷ್ಟು ಹೇಳಿದಿರಿ. ಡ್ರಿಲ್ ಹತ್ತಿರ ಗ್ಲೌಸ್ ಹಾಕಬಾರದು ಅಂತ ಬೋರ್ಡ್ ಇತ್ತಾ?

ಲೇತ್ ಗೌಡ: ಇತ್ತು. ಕನ್ನಡದಲ್ಲಿತ್ತು. ಹುಡುಗ ಬಿಹಾರದ ಛಪ್ರಾದವನು.