ಕಾಮಾಲೆ, ಗ್ಯಾಸು, ಪಿತ್ತಕೋಶದ ಕಲ್ಲು: ಡಾಕ್ಟರನ್ನು ಕೇಳಿ

ತಿಪಟೂರಿನವರು: ಸರ್, ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಗ್ರೇಡ್ 1 ಅಂತ ಬಂದಿದೆ. ಯಾವ ಮಾತ್ರೆ?

ಡಾಕ್ಟರ್: ಮಾತ್ರೆ ಬೇಡ. ದಪ್ಪ ಇದ್ದರೆ ತೂಕದಲ್ಲಿ ನೂರಕ್ಕೆ 7ರಿಂದ 10ರಷ್ಟು ಇಳಿಸಿ. ಶುಗರ್ ನೋಡಿಸಿ. ಕುಡಿಯೋದಿದ್ದರೆ ಬಿಡಿ.

ಅರಸೀಕೆರೆಯವರು: ಸರ್, ತಂಗಿ ಎಂಟು ತಿಂಗಳ ಬಸುರಿ. ನಾಲ್ಕು ದಿನದಿಂದ ಕಣ್ಣು ಹಳದಿ, ವಾಂತಿ. ಕಾಮಾಲೆಗೆ ಸೊಪ್ಪಿನ ರಸ ಕೊಡ್ತಿದ್ದಾರೆ, ಪಥ್ಯ ಅಂತ ಬರೀ ಗಂಜಿ. ನಿನ್ನೆಯಿಂದ ರಾತ್ರಿ ನಿದ್ದೆ ಇಲ್ಲ, ಹಗಲೆಲ್ಲ ಮಂಪರು. ಪಥ್ಯ ಮುಗಿಯೋವರೆಗೆ ನೋಡೋಣ್ವಾ?

ಡಾಕ್ಟರ್: ಬೇಡ, ಇವತ್ತೇ ಹೊರಡಿ. ಕಣ್ಣಿನ ಹಳದಿಗಿಂತ ಆ ಮಂಪರು ನನಗೆ ಹೆಚ್ಚು ಭಯ. ಲಿವರ್ ಸೋತಾಗ ಅಮೋನಿಯಾ ಅನ್ನೋ ವಿಷ ರಕ್ತದಲ್ಲಿ ಉಳಿದು ಮಿದುಳಿಗೆ ಏರುತ್ತೆ. ಮೊದಲು ನಿದ್ದೆ ತಿರುಗುಮುರುಗಾಗುತ್ತೆ, ಆಮೇಲೆ ಮಾತು ತಡವರಿಸುತ್ತೆ. ಕೈ ಮುಂದೆ ಚಾಚಿ ಅಂಗೈ ಎತ್ತಿ ಹಿಡಿಯೋಕೆ ಹೇಳಿದರೆ ಅದು ನಿಲ್ಲದೆ ಪಟಪಟ ಬೀಳುತ್ತೆ. ಕೆಟ್ಟ ನೀರಿನಿಂದ ಬರುವ ಕಾಮಾಲೆ, ಹೆಪಟೈಟಿಸ್ ಇ, ಬೇರೆಯವರಲ್ಲಿ ಸಾಮಾನ್ಯವಾಗಿ ತಾನಾಗೇ ವಾಸಿಯಾಗುತ್ತೆ. ಕೊನೆಯ ಮೂರು ತಿಂಗಳ ಬಸುರಿಯರಲ್ಲಿ ನೂರಕ್ಕೆ 20ರಿಂದ 25 ಜನರ ಜೀವ ತೆಗೆಯಬಹುದು. ಬಸಿರಿನಿಂದಲೇ ಲಿವರ್‌ಗೆ ಕೊಬ್ಬು ತುಂಬಿಕೊಳ್ಳುವ ಕಾಯಿಲೆಯೂ ಹೀಗೇ ಕಾಣುತ್ತೆ, ಅದಕ್ಕೆ ಬೇಗ ಹೆರಿಗೆ ಮಾಡಿಸೋದೇ ಚಿಕಿತ್ಸೆ. ಹೆರಿಗೆ ವಿಭಾಗ, ಐಸಿಯು, ರಕ್ತನಿಧಿ ಮೂರೂ ಇರುವ ಕಡೆ ಹೋಗಿ. ಕಾಮಾಲೆ ಅಳೆಯುವ ಬಿಲಿರುಬಿನ್ ಒಂದೇ ಸಾಲದು, ರಕ್ತ ಹೆಪ್ಪುಗಟ್ಟೋದನ್ನು ನೋಡುವ ಪಿಟಿ-ಐಎನ್‌ಆರ್ ಮತ್ತು ಶುಗರ್ ಬೇಕೇ ಬೇಕು. ನಿದ್ದೆ ಮಾತ್ರೆ ಕೊಡಬೇಡಿ. ರಸ ನಿಲ್ಲಿಸಿ.

ಕಡೂರಿನವರು: ನಮ್ಮಜ್ಜ ನೆಲನೆಲ್ಲಿ ಕೊಟ್ಟು ಎಷ್ಟೋ ಜನರನ್ನ ಉಳಿಸಿದ್ದಾರೆ. ಇಂಗ್ಲಿಷ್ ಔಷಧಿಯವರಿಗೆ ಬೇರು-ಸೊಪ್ಪು ಕಂಡರೆ ಆಗಲ್ಲ.

ಧಾರವಾಡದವರು: ಉಳದವ್ರನ್ನ ಎಣಿಸೀರಿ, ಹೋದವ್ರನ್ನ ಯಾರ್ ಎಣಿಸ್ಯಾರ್ರೀ?

ಕಡೂರಿನವರು: ಹಿರಿಯರ ವಿಷಯಕ್ಕೆ ಬರಬೇಡಿ.

ಡಾಕ್ಟರ್: ಹೆಪಟೈಟಿಸ್ ಎ ಆದವರಲ್ಲಿ ಬಹುಪಾಲು ಜನ ಏನೂ ಕುಡಿಯದಿದ್ದರೂ ಗುಣವಾಗ್ತಾರೆ, ಹೆಸರು ಸೊಪ್ಪಿಗೆ ಬರುತ್ತೆ. 2021ರಲ್ಲಿ ಮುಂಬೈ ವೈದ್ಯರು ಅಮೃತಬಳ್ಳಿ ಕುಡಿದವರಲ್ಲಿ ಲಿವರ್ ಕೆಟ್ಟದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ವಾದ ಏನೇ ಇರಲಿ, ಬಸುರಿಯ ಮೇಲೆ ಪ್ರಯೋಗ ಬೇಡ.

ಮಂಡ್ಯದವರು: ಗ್ಯಾಸಿಗೆ ಅಂತ ನಾಲ್ಕು ವರ್ಷದಿಂದ ದಿನಾ ಪ್ಯಾಂಟೊಪ್ರಜೋಲ್ ಮಾತ್ರೆ ನುಂಗ್ತಿದ್ದೀನಿ. ಬಿಡಬಹುದಾ ಸರ್?

ಮೈಸೂರಿನವರು: ಫಾರ್ವರ್ಡ್ ಬಂದಿದ್ದು: ಐದು ದಿನ ಸೇಬಿನ ರಸ, ಆರನೇ ರಾತ್ರಿ ಆಲಿವ್ ಎಣ್ಣೆ, ನಿಂಬೆರಸ. ಪಿತ್ತಕೋಶದ ಕಲ್ಲು ಹೊರಗೆ!

ಡಾಕ್ಟರ್: ಹೊರಗೆ ಬೀಳೋದು ಎಣ್ಣೆಯಿಂದ ಕರುಳಲ್ಲಾದ ಸೋಪಿನಂಥ ಹಸಿರು ಉಂಡೆ. ಕಲ್ಲು ಇದ್ದಲ್ಲೇ ಇರುತ್ತೆ. ಪಿತ್ತನಾಳಕ್ಕೆ ಜಾರಿದರೆ ಕಾಮಾಲೆ, ಮೇದೋಜೀರಕ ಗ್ರಂಥಿಯ ಊತ. ಇಂಥದ್ದನ್ನು ಇಲ್ಲಿ ಹಾಕಬೇಡಿ ಅಂತ ಹಿಂದೆಯೂ ಹೇಳಿದ್ದೆ.

ಮೈಸೂರಿನವರು: ತಿಳಿಸಿದ್ದಷ್ಟೇ. ರೇಗೋದು ಯಾಕೆ?

ತುಮಕೂರಿನವರು: ಫ್ಯಾಟಿ ಲಿವರ್ ಗ್ರೇಡ್ 1, ಮಾತ್ರೆ ಹೇಳಿ ಸರ್.

ಡಾಕ್ಟರ್: ಮೇಲೆ ಓದಿ.

ಅರಸೀಕೆರೆಯವರು: ಸರ್, ಇಲ್ಲೇ ಲ್ಯಾಬಲ್ಲಿ ಐಎನ್‌ಆರ್ 2.1 ಬಂತು. ಅವಳ ಅತ್ತೆ ಅಮಾವಾಸ್ಯೆ ಕಳೀಲಿ ಅಂತಿದ್ದಾರೆ.

ಡಾಕ್ಟರ್: 2.1 ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುತ್ತಿಲ್ಲ. ಕಳೆಯೋಕೆ ಸಮಯ ಇಲ್ಲ. 108ಕ್ಕೆ ಫೋನ್ ಮಾಡಿ, ಹಾಸನಕ್ಕೆ ಹೋಗಿ. ಅತ್ತೆಯವರ ಕೈಗೆ ಫೋನ್ ಕೊಡಿ, ನಾನೇ ಮಾತಾಡ್ತೀನಿ.

ಕಡೂರಿನವರು: ಹೆದರಿಸಿ ಹೆದರಿಸಿಯೇ ಆಸ್ಪತ್ರೆ ತುಂಬಿಸೋದು.

ಧಾರವಾಡದವರು: ಸುಮ್ಕಿರ್ರೀ, ಎರಡು ಜೀವ ಐತಿ ಅಲ್ಲಿ.

ಅರಸೀಕೆರೆಯವರು: ಆಂಬುಲೆನ್ಸ್ ಬಂತು ಸರ್.

ಡಾಕ್ಟರ್: ಎಡಮಗ್ಗುಲಿಗೆ ಮಲಗಿಸಿ. ಆ ಸೊಪ್ಪಿನ ಒಂದು ಎಲೆ, ಲ್ಯಾಬ್ ಚೀಟಿ, ತಾಯಿ ಕಾರ್ಡ್ ಜೊತೆಗಿರಲಿ.